ವೈಫೈ ನಿಧಾನವೋ, ಇಂಟರ್ನೆಟ್ ನಿಧಾನವೋ? ಹೊಸ ರೂಟರ್ ತರುವ ಮೊದಲು ನೋಡಬೇಕಾದ್ದು

ಇಂಟರ್ನೆಟ್ ನಿಧಾನ ಆಯಿತು ಅಂದರೆ ಬೆಂಗಳೂರಿನಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ ಇನ್ನೂ ದೊಡ್ಡ ಪ್ಲಾನ್ ಹಾಕಿಸಿಕೊಳ್ಳುತ್ತಾರೆ. ಇಲ್ಲವೇ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ ಆರು ಆಂಟೆನಾ ಇರುವ ರೂಟರ್ ತರುತ್ತಾರೆ. ದುಡ್ಡು ಖರ್ಚಾಗುತ್ತದೆ, ಮೂಲೆಯ ರೂಮಿನಲ್ಲಿ ಮೀಟಿಂಗ್ ಕಟ್ ಆಗುವುದು ಮಾತ್ರ ನಿಲ್ಲುವುದಿಲ್ಲ. ಎಲ್ಲಿ ಕೆಟ್ಟಿದೆ ಎಂದು ಯಾರೂ ಹುಡುಕಿಯೇ ಇರುವುದಿಲ್ಲ.

ನೆಂಟರು, ಸ್ನೇಹಿತರು ಕರೆದಾಗ ಹೋಗಿ ನೋಡಿಕೊಡುವ ಅಭ್ಯಾಸ ನನಗಿದೆ. ನಾನು ಕಂಡಂತೆ ಜಾಸ್ತಿ ಮನೆಗಳಲ್ಲಿ ತೊಂದರೆ ಇರುವುದು ಪ್ಲಾನಿನಲ್ಲಿ ಅಲ್ಲ, ಇಂಟರ್ನೆಟ್ ಪೆಟ್ಟಿಗೆಗೂ (ಕಂಪನಿಯವರು ಹಾಕಿಹೋದ ರೂಟರಿಗೂ) ಫೋನಿಗೂ ನಡುವೆ ಇರುವ ಗೋಡೆಯಲ್ಲಿ. ಹಾಗಂತ ನನ್ನ ಮಾತು ನಂಬಿಕೊಂಡು ಕೂರಬೇಡಿ. ನಿಮ್ಮ ಮನೆಯಲ್ಲಿ ಏನಾಗಿದೆ ಎಂದು ನೀವೇ ಪತ್ತೆ ಮಾಡಬಹುದು. ಒಂದು ಲ್ಯಾಪ್‌ಟಾಪ್, ಒಂದು ಒಳ್ಳೆಯ ಲ್ಯಾನ್ ಕೇಬಲ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಮೊದಲು ಲೆಕ್ಕ

ಪ್ಲಾನ್ ಮೇಲೆ ಬರೆದಿರುವ ಎಂಬಿಪಿಎಸ್ ಅನ್ನುವುದು ಮೆಗಾಬಿಟ್ ಲೆಕ್ಕ. ಫೈಲ್ ಡೌನ್‌ಲೋಡ್ ಆಗುವಾಗ ಕಂಪ್ಯೂಟರ್ ತೋರಿಸುವುದು ಸಾಮಾನ್ಯವಾಗಿ ಮೆಗಾಬೈಟ್ ಲೆಕ್ಕ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 100 ಎಂಬಿಪಿಎಸ್ ಪ್ಲಾನಿನಲ್ಲಿ ಸೆಕೆಂಡಿಗೆ 11–12 ಮೆಗಾಬೈಟ್ ಇಳಿದರೆ ಅದು ಪೂರ್ತಿ ಸ್ಪೀಡೇ. "ನೂರು ಅಂದಿದ್ರು, ಹನ್ನೊಂದು ಬರ್ತಿದೆ" ಎಂದು ದೂರು ಕೊಟ್ಟವರನ್ನು ನೋಡಿದ್ದೇನೆ. ಅಲ್ಲಿ ಕೆಟ್ಟಿದ್ದು ಏನೂ ಇರಲಿಲ್ಲ.

ಇನ್ನೊಂದು, ನಿಮಗೆ ನಿಜಕ್ಕೂ ಎಷ್ಟು ಬೇಕು ಎನ್ನುವುದು. ನೆಟ್‌ಫ್ಲಿಕ್ಸ್ ತನ್ನ 4ಕೆ ವಿಡಿಯೋಗೆ ಕೇಳುವುದು 15 ಎಂಬಿಪಿಎಸ್, 1080ಪಿ ವಿಡಿಯೋಗೆ 5. ಒಂದು ವಿಡಿಯೋ ಕಾಲ್‌ಗೆ 4 ಎಂಬಿಪಿಎಸ್ ಒಳಗೇ ಆಗುತ್ತದೆ. ಗಂಡ ಹೆಂಡತಿ ಇಬ್ಬರೂ ಮನೆಯಿಂದ ಕೆಲಸ ಮಾಡುತ್ತಿದ್ದು, ಮಗು ಆನ್‌ಲೈನ್ ಕ್ಲಾಸಿನಲ್ಲಿದ್ದು, ಅಜ್ಜಿ ಟಿವಿಯಲ್ಲಿ 4ಕೆ ನೋಡುತ್ತಿದ್ದರೂ 40 ಎಂಬಿಪಿಎಸ್ ದಾಟುವುದು ಕಷ್ಟ. ಅಂಥ ಮನೆಯಲ್ಲಿ 100ರ ಪ್ಲಾನ್ ಸಾಲುತ್ತಿಲ್ಲ ಅಂದರೆ 300ರದ್ದೂ ಸಾಲುವುದಿಲ್ಲ. ಆ ಸ್ಪೀಡು ಬೇರೆಲ್ಲೋ ಸೋರಿಹೋಗುತ್ತಿದೆ.

ವೈರ್ ಹಾಕಿ ನೋಡಿ

ನಿಮ್ಮ ಮನೆಗೆ ಇಂಟರ್ನೆಟ್ ಬರುವ ದಾರಿಯನ್ನು ಎರಡು ತುಂಡು ಮಾಡಿ. ರಸ್ತೆಯಿಂದ ಮನೆಯ ಪೆಟ್ಟಿಗೆಯವರೆಗೆ ಒಂದು ತುಂಡು. ಪೆಟ್ಟಿಗೆಯಿಂದ ನಿಮ್ಮ ಕೈಯಲ್ಲಿರುವ ಫೋನಿನವರೆಗೆ ಇನ್ನೊಂದು. ಮೊದಲನೆಯದು ಕಂಪನಿಯ ಹೊಣೆ, ಎರಡನೆಯದು ನಿಮ್ಮದು. ಯಾವ ತುಂಡಿನಲ್ಲಿ ನಿಧಾನ ಎಂದು ಗೊತ್ತಾಗಬೇಕಾದರೆ ವೈಫೈಯನ್ನು ಪಕ್ಕಕ್ಕಿಟ್ಟು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರವಾಗಿ ಪೆಟ್ಟಿಗೆಗೆ ಸಿಕ್ಕಿಸಬೇಕು. ಇದೊಂದನ್ನು ಬಿಟ್ಟು ಬೇರೆ ಏನು ಮಾಡಿದರೂ ಕತ್ತಲಲ್ಲಿ ತಡಕಾಡಿದಂತೆಯೇ.

ಸಿಕ್ಕಿಸುವ ಮೊದಲು ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ಆಫೀಸಿನ ವಿಪಿಎನ್ ಕಡಿದುಹಾಕಿ. ವಿಪಿಎನ್ ಇದ್ದರೆ ನೀವು ಅಳೆಯುವುದು ಆಫೀಸಿನ ಸರ್ವರನ್ನು, ಮನೆಯ ಲೈನನ್ನಲ್ಲ. ಮನೆಯಲ್ಲಿ ಬೇರೆಯವರು ಡೌನ್‌ಲೋಡ್ ಹಾಕಿದ್ದರೆ ಸ್ವಲ್ಪ ಹೊತ್ತು ನಿಲ್ಲಿಸಲು ಹೇಳಿ. ಆಮೇಲೆ ಎರಡು ಬೇರೆ ಬೇರೆ ವೆಬ್‌ಸೈಟಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ. ಊಕ್ಲಾದ ಸ್ಪೀಡ್‌ಟೆಸ್ಟ್ ತಾನಾಗಿ ಹತ್ತಿರದ ಸರ್ವರ್ ಆರಿಸಿಕೊಳ್ಳುತ್ತದೆ. ಎಷ್ಟೋ ಸಲ ಅದು ನಿಮ್ಮ ಕಂಪನಿಯದೇ ಸರ್ವರ್ ಆಗಿರುತ್ತದೆ, ಅಲ್ಲಿ ಸ್ಪೀಡ್ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಫಾಸ್ಟ್ ಡಾಟ್ ಕಾಮ್‌ನಲ್ಲೂ ನೋಡಿ, ಅದು ನೆಟ್‌ಫ್ಲಿಕ್ಸ್ ಸರ್ವರ್‌ಗಳಿಂದ ಅಳೆಯುತ್ತದೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತರ ಹೊತ್ತಿಗೆ ಒಮ್ಮೆ ಅಳೆದು ಬರೆದಿಡಿ.

ಟೆಸ್ಟಿನಲ್ಲಿ 94 ಅಥವಾ 95ರ ಹತ್ತಿರ ಬಂದು ಅಲ್ಲೇ ನಿಂತುಬಿಟ್ಟಿತೇ? 200ರ ಪ್ಲಾನ್, 300ರ ಪ್ಲಾನ್ ಇದ್ದೂ ಹೀಗಾದರೆ ಸಂತೋಷಪಡಿ, ಕಳ್ಳ ಸಿಕ್ಕಿಬಿದ್ದ. ದಾರಿಯಲ್ಲಿ ಎಲ್ಲೋ ಒಂದು ಕೊಂಡಿ 100 ಎಂಬಿಪಿಎಸ್‌ಗೆ ಕಟ್ಟಿಹಾಕಿಕೊಂಡಿದೆ. ಡೇಟಾ ಜೊತೆ ಹೋಗುವ ವಿಳಾಸ ಮುಂತಾದವುಗಳ ಭಾರ ಕಳೆದು 94 ಉಳಿಯುತ್ತದೆ. ಲೈನ್ ತುಂಬಿಹೋಗಿ ನಿಧಾನ ಆದಾಗ ಅಂಕಿ ಏರುಪೇರಾಗುತ್ತದೆ, ಹೀಗೆ ಗೆರೆ ಎಳೆದಂತೆ ನಿಲ್ಲುವುದಿಲ್ಲ.

ಆಗ ಕೇಬಲನ್ನು ಕೈಯಲ್ಲಿ ಹಿಡಿದು ತುದಿಯ ಪಾರದರ್ಶಕ ಪ್ಲಗ್ಗನ್ನು ಬೆಳಕಿಗೆ ಒಡ್ಡಿ ನೋಡಿ. ಒಳಗೆ ಎಂಟು ಬಣ್ಣದ ಎಳೆಗಳು ಸಾಲಾಗಿ ಇರಬೇಕು: ಕಿತ್ತಳೆ, ಹಸಿರು, ನೀಲಿ, ಕಂದು ಜೋಡಿಗಳು. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ನಾಲ್ಕೂ ಜೋಡಿ ಬೇಕು. ನೀಲಿ ಅಥವಾ ಕಂದು ಎಳೆ ಒಂದು ಪ್ಲಗ್ಗಿನ ತುದಿಯವರೆಗೆ ತಲುಪಿಲ್ಲ ಅಂದರೆ ಸಂಪರ್ಕ ಕಡಿಯುವುದಿಲ್ಲ, ಸುಮ್ನೆ 100ಕ್ಕೆ ಇಳಿದುಬಿಡುತ್ತದೆ. ಕೇಬಲ್ ಹಾಕಲು ಬಂದವರು ಅವಸರದಲ್ಲಿ ಎರಡೇ ಜೋಡಿಯನ್ನು ಪ್ಲಗ್ಗಿಗೆ ಒತ್ತಿ ಕೂರಿಸಿ (ಕ್ರಿಂಪ್ ಮಾಡಿ) ಹೋಗಿರುವುದೂ ಉಂಟು. ಪ್ಲಗ್ ಕತ್ತರಿಸಿ ಎಂಟೂ ಎಳೆ ಸೇರಿಸಿ ಮತ್ತೆ ಕ್ರಿಂಪ್ ಮಾಡಿದರೆ ಕೆಲಸ ಮುಗಿಯಿತು. ಕೇಬಲ್ ಸರಿ ಇದ್ದೂ 94 ಬಂದರೆ ಪೋರ್ಟ್ ನೋಡಿ. ಅಗ್ಗದ ರೂಟರ್‌ಗಳ ಪ್ಯಾಕಿಂಗ್ ಮೇಲೆ ವೈಫೈ ಸ್ಪೀಡಿನ ಅಂಕಿಯಾಗಿ ಎಸಿ1200 ಎಂದು ದೊಡ್ಡದಾಗಿ ಬರೆದಿದ್ದರೂ ಹಿಂಬದಿಯ ಪೋರ್ಟುಗಳು ಎಷ್ಟೋ ಸಲ 100ರವೇ. ಹಳೆಯ ಲ್ಯಾಪ್‌ಟಾಪ್, ಯುಎಸ್‌ಬಿ 2 ಅಡಾಪ್ಟರ್, ಸ್ಮಾರ್ಟ್ ಟಿವಿಯ ಲ್ಯಾನ್ ಪೋರ್ಟ್ ಕೂಡ ಹಾಗೇ. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ತೆರೆದು ಈಥರ್ನೆಟ್ ವಿವರದಲ್ಲಿ ಲಿಂಕ್ ಸ್ಪೀಡ್ 1000 ಇದೆಯೋ 100 ಇದೆಯೋ ನೋಡಿದರೆ ಗೊತ್ತಾಗುತ್ತದೆ.

ವೈರಿನಲ್ಲೇ ನಿಧಾನ ಇದ್ದರೆ

ಮೊದಲು ಕಂಪನಿಯ ಆ್ಯಪ್ ತೆರೆದು ಆ ತಿಂಗಳು ಎಷ್ಟು ಡೇಟಾ ಬಳಸಿದ್ದೀರಿ ನೋಡಿ. ಅನ್‌ಲಿಮಿಟೆಡ್ ಎಂದು ಮಾರುವ ಎಷ್ಟೋ ಪ್ಲಾನ್‌ಗಳಿಗೂ ತಿಂಗಳಿಗೆ 3300 ಜಿಬಿ ಎಂಬಂಥ ಮಿತಿ ಇರುತ್ತದೆ. ಅದು ದಾಟಿದ ಮೇಲೆ ಸ್ಪೀಡ್ ಇಳಿಸುತ್ತಾರೆ. ಮನೆಯ ನಾಲ್ಕು ಸಿಸಿಟಿವಿ ಕ್ಯಾಮರಾಗಳು ಹಗಲೂ ರಾತ್ರಿ ಕ್ಲೌಡಿಗೆ ಕಳಿಸುತ್ತಿದ್ದರೆ ಆ ಮಿತಿ ಬೇಗ ಹತ್ತಿರವಾಗುತ್ತದೆ.

ಅದೇನೂ ಇಲ್ಲ ಅಂದರೆ ಪೆಟ್ಟಿಗೆಯ ದೀಪಗಳು. ಫೈಬರ್ ಮನೆಯೊಳಗೇ ಬಂದಿದ್ದರೆ ಓಎನ್‌ಟಿ (ಫೈಬರಿನ ಬೆಳಕನ್ನು ಇಂಟರ್ನೆಟ್ಟಾಗಿ ಬದಲಿಸುವ) ಪೆಟ್ಟಿಗೆಯಲ್ಲಿ ಪಾನ್ ಎಂಬ ದೀಪ ಸ್ಥಿರವಾಗಿ ಹಸಿರು ಇರಬೇಕು. ಲಾಸ್ ಎಂಬ ದೀಪ ಕೆಂಪಾಗಿ ಮಿನುಗಿದರೆ ಬೆಳಕೇ ಬರುತ್ತಿಲ್ಲ ಎಂದು ಅರ್ಥ. ಎರಡರ ನಡುವೆ ಇನ್ನೊಂದು ಸ್ಥಿತಿ ಇದೆ, ಜನ ಹೆಚ್ಚು ಒದ್ದಾಡುವುದು ಅದರಲ್ಲೇ. ಬೆಳಕು ಬರುತ್ತಿರುತ್ತದೆ, ಆದರೆ ಬಡವಾಗಿರುತ್ತದೆ. ಪೆಟ್ಟಿಗೆಯ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ. ಸಾಮಾನ್ಯವಾಗಿ ಬ್ರೌಸರಿನಲ್ಲಿ 192.168.1.1 ಹೊಡೆದರೆ ಸಿಗುತ್ತದೆ, ಪಾಸ್‌ವರ್ಡ್ ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿರುತ್ತದೆ. ಅಲ್ಲಿ ಆರ್‌ಎಕ್ಸ್ ಪವರ್ (ಬಂದು ತಲುಪಿದ ಬೆಳಕಿನ ಬಲ) ಎಂದು ಡಿಬಿಎಂ ಲೆಕ್ಕದಲ್ಲಿ ಒಂದು ಮೈನಸ್ ಅಂಕಿ ಕಾಣುತ್ತದೆ. ಮೈನಸ್ 15ರಿಂದ ಮೈನಸ್ 24ರ ನಡುವೆ ಇದ್ದರೆ ನೆಮ್ಮದಿ. ಮೈನಸ್ 27ರ ಹತ್ತಿರ ಹೋದರೆ ಸಂಪರ್ಕ ಬಿಟ್ಟು ಬಿಟ್ಟು ಬರಲು ಶುರುವಾಗುತ್ತದೆ. ಆ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ದೂರು ಕೊಡುವಾಗ "ಸ್ಲೋ ಇದೆ" ಅನ್ನುವುದಕ್ಕೂ "ಆರ್‌ಎಕ್ಸ್ ಪವರ್ ಮೈನಸ್ 28 ಇದೆ" ಅನ್ನುವುದಕ್ಕೂ ಸಿಗುವ ಉತ್ತರವೇ ಬೇರೆ.

ಬೆಳಕು ಬಡವಾಗಲು ಕಾರಣ ನಮ್ಮೂರಿನಲ್ಲಿ ಬೇಕಾದಷ್ಟಿವೆ. ಫೈಬರ್ ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ಜೋತುಬಿದ್ದಿರುತ್ತದೆ. ಏಪ್ರಿಲ್ ಮೇ ತಿಂಗಳ ಗಾಳಿ ಮಳೆಗೆ ಕೊಂಬೆ ಬಿದ್ದರೆ ಎಳೆ ಹಿಗ್ಗುತ್ತದೆ. ವಿದ್ಯುತ್ ಕಂಬಗಳಿಗೆ ಸುತ್ತಿದ ಕೇಬಲ್‌ಗಳನ್ನು ಬೆಸ್ಕಾಂ ಆಗಾಗ ಕತ್ತರಿಸಿ ತೆಗೆಸುತ್ತದೆ, ಆಮೇಲೆ ಯಾರೋ ಬಂದು ಅವಸರದಲ್ಲಿ ಜೋಡಿಸಿ ಹೋಗುತ್ತಾರೆ. ರಸ್ತೆ ಅಗೆದಾಗಲೂ ಅದೇ ಕಥೆ. ಮನೆಯೊಳಗೂ ನೋಡಿ. ಕಿಟಕಿ ಸಂದಿಯಲ್ಲಿ ಫೈಬರ್ ಮಡಚಿಕೊಂಡಿದೆಯೇ? ಟಿವಿ ಸ್ಟ್ಯಾಂಡನ್ನು ಗೋಡೆಗೆ ಒತ್ತಿದಾಗ ಫೈಬರಿನ ಹಸಿರು ಪ್ಲಗ್ಗಿನ ಹತ್ತಿರ ಬಾಗಿದೆಯೇ? ಫೈಬರನ್ನು ದೊಡ್ಡ ಸುತ್ತಾಗಿ ಬಿಡಬೇಕು, ಕಟ್ಟಿ ಮಡಚಬಾರದು. ಪ್ಲಗ್ ತೆಗೆದು ಅದರ ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಕಣ್ಣಿಗಂತೂ ಹಿಡಿಯಲೇಬೇಡಿ. ಒಳಗಿನ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಅಪಾಯ.

ಬೆಳಕೂ ಸರಿ, ಬೆಳಿಗ್ಗೆ ಪೂರ್ತಿ ಸ್ಪೀಡೂ ಇದೆ, ರಾತ್ರಿ ಎಂಟರಿಂದ ಹನ್ನೊಂದರವರೆಗೆ ಮಾತ್ರ ಬೀಳುತ್ತಿದೆಯೇ? ಅದು ಹಂಚಿಕೆಯ ಪರಿಣಾಮ. ಜಿಪಾನ್ ಎಂಬ ವ್ಯವಸ್ಥೆಯಲ್ಲಿ ಒಂದು ಫೈಬರಿನ ಸುಮಾರು 2.5 ಗಿಗಾಬಿಟ್ ಸ್ಪೀಡನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಅದರಾಚೆ ಏರಿಯಾ ಆಪರೇಟರ್ ಕೊಂಡಿರುವ ಒಟ್ಟು ಬ್ಯಾಂಡ್‌ವಿಡ್ತ್ ಇನ್ನೊಂದು ಹಂಚಿಕೆ. ಐಪಿಎಲ್ ಮ್ಯಾಚ್ ಇರುವ ಸಂಜೆ ಇದು ಎದ್ದು ಕಾಣುತ್ತದೆ. ಇಲ್ಲಿ ನಿಮ್ಮ ಯಾವ ರೂಟರೂ ಏನೂ ಮಾಡಲಾರದು. ಅದೇ ಬೀದಿಯಲ್ಲಿ ಬೇರೆ ಕಂಪನಿಯ ಕನೆಕ್ಷನ್ ಇರುವವರ ಮನೆಯಲ್ಲಿ ಅದೇ ಹೊತ್ತಿನಲ್ಲಿ ಟೆಸ್ಟ್ ಮಾಡಿಸಿ, ಕಂಪನಿ ಬದಲಿಸುವುದೋ ಬೇಡವೋ ಎಂದು ತೀರ್ಮಾನಿಸಿ.

ಕೆಲವು ಅಪಾರ್ಟ್‌ಮೆಂಟುಗಳಲ್ಲಿ, ಹಳೆಯ ಬಡಾವಣೆಗಳಲ್ಲಿ ಫೈಬರ್ ಕಟ್ಟಡದವರೆಗೆ ಮಾತ್ರ ಬಂದು ಅಲ್ಲಿನ ನೆಟ್‌ವರ್ಕ್ ಸ್ವಿಚ್ಚಿನಿಂದ (ನೆಟ್ ಹಂಚುವ ಪೆಟ್ಟಿಗೆಯಿಂದ) ಲ್ಯಾನ್ ಕೇಬಲ್ ಮನೆಗೆ ಇಳಿದಿರುತ್ತದೆ. ಅಂಥ ಕಡೆ ಓಎನ್‌ಟಿ ದೀಪ ಹುಡುಕಬೇಡಿ. ಟೆರೇಸಿನಲ್ಲಿ ಬಿಸಿಲು ಮಳೆ ತಿಂದ ಕೇಬಲ್, ತುಕ್ಕು ಹಿಡಿದ ಪ್ಲಗ್, 100 ಮೀಟರ್ ಮೀರಿದ ಉದ್ದ, ಕರೆಂಟ್ ಹೋದಾಗ ಬ್ಯಾಕಪ್ ಇಲ್ಲದ ಸ್ವಿಚ್, ಇವುಗಳಲ್ಲಿ ಒಂದು ಸಾಮಾನ್ಯವಾಗಿ ಕಾರಣ. ಕೇಬಲ್ ಬದಲಿಸಿ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ.

ದೂರು ಕೊಟ್ಟಾಗ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ತೆಗೆದುಕೊಳ್ಳದೆ ಫೋನ್ ಇಡಬೇಡಿ. ಏರಿಯಾದ ಹುಡುಗನಿಗೆ ವಾಟ್ಸಾಪ್ ಮಾಡಿದರೆ ಬೇಗ ಬರುತ್ತಾನೆ ನಿಜ, ಆದರೆ ಅದಕ್ಕೆ ದಾಖಲೆ ಇರುವುದಿಲ್ಲ. ಟೆಲಿಕಾಂ ನಿಯಂತ್ರಕ ಟ್ರಾಯ್‌ನ 2012ರ ದೂರು ಪರಿಹಾರ ನಿಯಮದ ಪ್ರಕಾರ ದೂರು ಕೇಂದ್ರದಲ್ಲಿ ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದಕ್ಕೆ ಶುಲ್ಕ ಇಲ್ಲ. ಡಾಕೆಟ್ ನಂಬರ್, ಬರೆದಿಟ್ಟ ಸ್ಪೀಡ್, ಫೋಟೋ ಇಷ್ಟಿದ್ದರೆ ಅಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ.

ವೈರಿನಲ್ಲಿ ಚೆನ್ನಾಗಿದೆ, ರೂಮಿನಲ್ಲಿ ಇಲ್ಲ

ಹನುಮಂತನಗರದಲ್ಲಿರುವ ನಮ್ಮ ಚಿಕ್ಕಪ್ಪನ ಮನೆ ಮೂವತ್ತು ನಲವತ್ತರ ಸೈಟಿನಲ್ಲಿ ಎದ್ದಿರುವ ಮನೆ. ಕೆಳಗೆ ಪಾರ್ಕಿಂಗ್, ಮೇಲೆ ಎರಡು ಅಂತಸ್ತು. ಬೆಂಗಳೂರಿನಲ್ಲಿ ಇಂಥ ಮನೆ ಸಾವಿರಾರು ಇವೆ, ಅದಕ್ಕೇ ಇದನ್ನು ವಿವರವಾಗಿ ಹೇಳುತ್ತಿದ್ದೇನೆ. 300ರ ಪ್ಲಾನ್. ಮಗಳ ರೂಮು ಎರಡನೇ ಮಹಡಿಯಲ್ಲಿ ಹಿಂದುಗಡೆ. ಅಲ್ಲಿ ಆಫೀಸಿನ ಕಾಲ್ ಕಟ್ ಆಗುತ್ತಿತ್ತು. ದೂರು ಕೊಟ್ಟಾಗ ಬಂದ ಹುಡುಗ ಹಾಲ್‌ನಲ್ಲಿ ಪೆಟ್ಟಿಗೆ ಪಕ್ಕ ನಿಂತು ತನ್ನ ಫೋನಿನಲ್ಲಿ ಟೆಸ್ಟ್ ಮಾಡಿ, "ನೋಡಿ ಅಂಕಲ್, ಫುಲ್ ಬರ್ತಾ ಇದೆ" ಎಂದು ತೋರಿಸಿ ಹೋದ. ಅವನು ಹೇಳಿದ್ದು ಸರಿಯೇ. ವೈರಿನಲ್ಲಿ 290 ಇತ್ತು.

ಫೋನ್ ಹಿಡಿದು ಮನೆ ತುಂಬ ಓಡಾಡಿದಾಗ ಚಿತ್ರ ಸಿಕ್ಕಿತು. ಹಾಲ್‌ನಲ್ಲಿ 260. ಒಂದು ಗೋಡೆ ದಾಟಿ ಅಡುಗೆಮನೆಯಲ್ಲಿ 130. ಮೆಟ್ಟಿಲ ತಿರುವಿನಲ್ಲಿ 50. ಮೇಲಿನ ರೂಮಿಗೆ ಕಾಲಿಟ್ಟ ಕೂಡಲೇ ಫೋನ್ ವೈಫೈಯ ಎರಡು ಬ್ಯಾಂಡುಗಳಲ್ಲಿ 5 ಗಿಗಾಹರ್ಟ್ಸ್ ಬಿಟ್ಟು 2.4ಕ್ಕೆ ಜಾರಿ 11ಕ್ಕೆ ಬಂತು. ಪೆಟ್ಟಿಗೆ ಇದ್ದದ್ದು ಟಿವಿ ಯೂನಿಟ್ಟಿನ ಒಳಗೆ, ಟಿವಿಯ ಬೆನ್ನಿಗೆ. ಅಲ್ಲಿಂದ ಆ ರೂಮಿಗೆ ನೇರ ಗೆರೆ ಎಳೆದರೆ ನಡುವೆ ಟಿವಿಯ ಲೋಹದ ಬೆನ್ನು, ಒಂದು ಗೋಡೆ, ಸರಳು ತುಂಬಿದ ಆರ್‌ಸಿಸಿ ಸ್ಲ್ಯಾಬ್, ಆಮೇಲೆ ರೂಮಿನ ಸ್ಟೀಲ್ ಬೀರು.

2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಗೋಡೆಗೆ ಗೋಡೆ ತಾಗಿದ ಬೀದಿಯಲ್ಲಿ ವೈಫೈ ಪಟ್ಟಿ ತೆರೆದರೆ ನೆರೆಹೊರೆಯ ಎಷ್ಟು ಹೆಸರು ಕಾಣುತ್ತವೆ ನೋಡಿ. ಅಷ್ಟೂ ಮನೆಗಳು ಈ ಮೂರನ್ನು ಹಂಚಿಕೊಳ್ಳಬೇಕು. ಬ್ಲೂಟೂತ್ ಇರುವುದೂ ಅಲ್ಲೇ. ಮೈಕ್ರೋವೇವ್ ಓವನ್ ಕೂಡ 2.45 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತದೆ, ಅದು ತಿರುಗುವಾಗ ಪಕ್ಕದ ವೈಫೈ ತೊದಲುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಜಾಸ್ತಿ. ಭಾರತದಲ್ಲಿ 2018ರಲ್ಲಿ ಅದರ ಇನ್ನೂ ದೊಡ್ಡ ಭಾಗ ಲೈಸೆನ್ಸ್ ಇಲ್ಲದೆ ಬಳಸಲು ಸಿಕ್ಕಿತು. ಸ್ಪೀಡೂ ಜಾಸ್ತಿ, ಆದರೆ ಎರಡು ಗೋಡೆ ಬಂದರೆ ಸುಸ್ತಾಗುತ್ತದೆ.

ಹಾಗಾಗಿ ದುಡ್ಡು ಖರ್ಚಿಲ್ಲದ ಕೆಲಸ ಮೊದಲು ಮಾಡಿ. ಪೆಟ್ಟಿಗೆಯನ್ನು ಟಿವಿ ಹಿಂದಿನಿಂದ, ಶೋಕೇಸಿನಿಂದ ಹೊರತೆಗೆದು ಎದೆ ಎತ್ತರದಲ್ಲಿ ತೆರೆದ ಜಾಗದಲ್ಲಿ ಇಡಿ. ಬೀರು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ, ಫ್ರಿಜ್ ಇವುಗಳಿಂದ ದೂರ ಇರಲಿ. 2.4ಕ್ಕೂ 5ಕ್ಕೂ ಬೇರೆ ಬೇರೆ ಹೆಸರು ಕೊಟ್ಟು ನೋಡಿ, ಆಗ ಫೋನ್ ಯಾವುದಕ್ಕೆ ಅಂಟಿಕೊಂಡಿದೆ ಎಂದು ನಿಮಗೇ ಕಾಣುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು ಕಡಿಮೆ ಗದ್ದಲದ ಚಾನೆಲ್ ಆರಿಸಿ. 2.4ರಲ್ಲಿ ಚಾನೆಲ್ ಅಗಲ 20 ಮೆಗಾಹರ್ಟ್ಸ್‌ಗೆ ಇಡಿ. 40 ಇಟ್ಟರೆ ಸ್ಪೀಡ್ ಎರಡರಷ್ಟಾಗುತ್ತದೆ ಎಂದು ಬರೆದಿರುತ್ತಾರೆ, ನಮ್ಮ ಬೀದಿಗಳಲ್ಲಿ ಅದರಿಂದ ಪಕ್ಕದವರ ಜೊತೆ ಗುದ್ದಾಟ ಜಾಸ್ತಿ ಆಗುತ್ತದೆ ಅಷ್ಟೇ. ಅದೇ ಆ್ಯಪ್ ತೋರಿಸುವ ಸಿಗ್ನಲ್ ಬಲ ಮೈನಸ್ 67 ಡಿಬಿಎಂಗಿಂತ ಚೆನ್ನಾಗಿದ್ದರೆ ವಿಡಿಯೋ ಕಾಲ್ ಕಟ್ ಆಗದೆ ನಡೆಯುತ್ತದೆ. ಮೈನಸ್ 80 ಆದರೆ ಆಸೆ ಬಿಡಿ.

ಇಷ್ಟು ಮಾಡಿದಾಗ ಚಿಕ್ಕಪ್ಪನ ಮನೆಯ ಮೇಲಿನ ರೂಮಿನಲ್ಲಿ 11 ಇದ್ದದ್ದು 25ರ ಆಸುಪಾಸಿಗೆ ಬಂತು. ಕಾಲ್‌ಗೆ ಸಾಕು, ಆದರೆ ಬಾಗಿಲು ಹಾಕಿದರೆ ಮತ್ತೆ ಒದ್ದಾಟ. ಸ್ಲ್ಯಾಬ್ ಅಲ್ಲೇ ಇತ್ತಲ್ಲ! ಟೆರೇಸಿನ ಹಳೆಯ ಡಿಶ್‌ನಿಂದ ಹಾಲ್‌ಗೆ ಇಳಿದಿದ್ದ ಪೈಪ್ ಆ ರೂಮಿನ ಗೋಡೆಯ ಮೂಲಕವೇ ಹಾದುಹೋಗಿತ್ತು. ಬಳಕೆಯಲ್ಲಿಲ್ಲದ ಡಿಶ್ ವೈರಿನ ತುದಿಗೆ ಕ್ಯಾಟ್ 6 ಎಂಬ ಲ್ಯಾನ್ ಕೇಬಲ್ ಕಟ್ಟಿ ಎಳೆದೆವು. ಅಟ್ಟದ ಮೇಲೆ ಧೂಳು ಹಿಡಿದಿದ್ದ ಹಳೆಯ ರೂಟರನ್ನು ತೆಗೆದು, ಅದರ ಡಿಎಚ್‌ಸಿಪಿ (ಫೋನು ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಐಪಿ ವಿಳಾಸ ಬದಲಿಸಿ, ಲ್ಯಾನ್ ಪೋರ್ಟಿನಿಂದ ಲ್ಯಾನ್ ಪೋರ್ಟಿಗೆ ಸಿಕ್ಕಿಸಿ ಮೇಲಿನ ರೂಮಿನಲ್ಲಿ ಆ್ಯಕ್ಸೆಸ್ ಪಾಯಿಂಟ್ (ವೈರಿನಿಂದ ಬಂದ ನೆಟ್ಟನ್ನು ವೈಫೈಯಾಗಿ ಹರಡುವ ಪೆಟ್ಟಿಗೆ) ಆಗಿ ಇಟ್ಟೆವು. ಈಗ ಅಲ್ಲಿ ಹಾಸಿಗೆಯ ಮೇಲೆ ಕೂತು ಅಳೆದರೆ 90. ಆ ರೂಟರಿನ ಪೋರ್ಟು 100ರದ್ದು, ಅದಕ್ಕೇ ಅಷ್ಟು. 290 ಬೇಕೆಂದರೆ ಗಿಗಾಬಿಟ್ ಪೋರ್ಟಿನದ್ದು ತರಬೇಕು. ಅವಳಿಗೆ ಅದು ಬೇಕಾಗಿಲ್ಲ.

ಟೆಸ್ಟ್ ಚೆನ್ನಾಗಿದೆ, ಆದರೂ ಎಳೆಯುತ್ತದೆ

ಸ್ಪೀಡ್ ಟೆಸ್ಟಿನಲ್ಲಿ 200 ತೋರಿಸುತ್ತದೆ, ಮೀಟಿಂಗಿನಲ್ಲಿ ಮಾತ್ರ ಧ್ವನಿ ತುಂಡಾಗುತ್ತದೆ. ಇಲ್ಲಿ ನೋಡಬೇಕಾದ್ದು ಸ್ಪೀಡಲ್ಲ, ತಡ. ಕಂಪ್ಯೂಟರಿನ ಕಮಾಂಡ್ ವಿಂಡೋದಲ್ಲಿ ಮೊದಲು ಮನೆಯ ಪೆಟ್ಟಿಗೆಯ ವಿಳಾಸ 192.168.1.1ಕ್ಕೆ ಪಿಂಗ್ (ಸಂದೇಶ ಹೋಗಿ ಬರಲು ಎಷ್ಟು ಹೊತ್ತು ಎಂದು ಅಳೆಯುವುದು) ಮಾಡಿ, ಆಮೇಲೆ ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ. ಮನೆಯ ಪೆಟ್ಟಿಗೆಗೇ 50, 100 ಮಿಲಿಸೆಕೆಂಡ್ ಹಾರುತ್ತಿದ್ದರೆ ತೊಂದರೆ ವೈಫೈಯದ್ದು. ಪೆಟ್ಟಿಗೆಗೆ 2–3 ಇದ್ದು ಹೊರಗೆ ಮಾತ್ರ ಏರಿಳಿದರೆ ಲೈನಿನದ್ದು. ಪಿಂಗ್ ಓಡುತ್ತಿರುವಾಗಲೇ ಇನ್ನೊಂದು ಕಡೆ ದೊಡ್ಡ ಫೈಲ್ ಅಪ್‌ಲೋಡ್ ಹಾಕಿ ನೋಡಿ. 10ರಲ್ಲಿದ್ದ ಅಂಕಿ 300, 400ಕ್ಕೆ ಜಿಗಿದರೆ ಅಪ್‌ಲೋಡ್ ಸಾಲು ತುಂಬಿ ನಿಮ್ಮ ಧ್ವನಿ ಅದರ ಹಿಂದೆ ಕಾಯುತ್ತಿದೆ ಎಂದು ಅರ್ಥ. ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಫೋಟೋ ಬ್ಯಾಕಪ್, ಸಿಸಿಟಿವಿ, ಲ್ಯಾಪ್‌ಟಾಪಿನ ಕ್ಲೌಡ್ ಸಿಂಕ್ ಸಾಮಾನ್ಯ ಕಾರಣಗಳು. ಅವುಗಳನ್ನು ರಾತ್ರಿಗೆ ಹಾಕಿ. ರೂಟರಿನಲ್ಲಿ ಎಸ್‌ಕ್ಯೂಎಂ ಅಥವಾ ಕ್ಯೂಓಎಸ್ ಎಂಬ, ಸಾಲು ನಿಭಾಯಿಸುವ ಸೆಟ್ಟಿಂಗ್ ಇದ್ದರೆ ಆನ್ ಮಾಡಿ, ಅಪ್‌ಲೋಡ್ ಮಿತಿಯನ್ನು ನಿಜವಾದ ಸ್ಪೀಡಿಗಿಂತ ಶೇ. 10ರಷ್ಟು ಕಡಿಮೆ ಇಡಿ. ಓಪನ್‌ಡಬ್ಲ್ಯುಆರ್‌ಟಿ ಎಂಬ ಬೇರೆ ಸಾಫ್ಟ್‌ವೇರ್ ಹಾಕಬಹುದಾದ ರೂಟರ್ ಇದ್ದರೆ ಇದು ತುಂಬಾ ಚೆನ್ನಾಗಿ ಆಗುತ್ತದೆ.

ವೆಬ್ ಪುಟ ತೆರೆಯಲು ಶುರುವಿನಲ್ಲಿ ಮಾತ್ರ ನಿಂತು, ಆಮೇಲೆ ಸರಾಗವಾಗಿ ಓಡಿದರೆ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಅದರ ವಿಳಾಸ ಹುಡುಕಿಕೊಡುವ ಸರ್ವರ್) ಬದಲಿಸಿ ನೋಡಿ: 1.1.1.1 ಅಥವಾ 8.8.8.8.

ಯಾವುದಕ್ಕೆ ದುಡ್ಡು ಹಾಕಬೇಕು

ನನ್ನ ಅಭಿಪ್ರಾಯ ಸ್ಪಷ್ಟ: ಮೊದಲ ದುಡ್ಡು ವೈರಿಗೆ. ಹಾಲ್‌ನಿಂದ ಕಷ್ಟದ ರೂಮಿಗೆ ಒಂದು ಕ್ಯಾಟ್ 6 ಎಳೆದು ಅಲ್ಲೊಂದು ಸಾಧಾರಣ ಆ್ಯಕ್ಸೆಸ್ ಪಾಯಿಂಟ್ ಇಟ್ಟರೆ, ಎಷ್ಟೇ ದುಬಾರಿಯ ಒಂದೇ ರೂಟರ್ ಅದಕ್ಕೆ ಸಮ ಬರುವುದಿಲ್ಲ. ಎಸ್.ಪಿ. ರೋಡಿನಲ್ಲಿ ಕೇಬಲ್ ಕೊಳ್ಳುವಾಗ ಒಳಗಿನದು ಪೂರ್ತಿ ತಾಮ್ರವೇ ಎಂದು ಕೇಳಿ. ಸಿಸಿಎ ಎಂದು ಬರೆದದ್ದು ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ. ಅದು ಬೇಗ ತುಂಡಾಗುತ್ತದೆ, ಉದ್ದ ಎಳೆದರೆ ಸಿಗ್ನಲ್ ನಷ್ಟ ಜಾಸ್ತಿ. ಒಂದು ತುದಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬಿಟ್ಟುಬಿಡಿ. ಕ್ಯಾಟ್ 5ಇ ಸಿಕ್ಕರೂ 100 ಮೀಟರ್‌ವರೆಗೆ ಗಿಗಾಬಿಟ್ ಎಳೆಯುತ್ತದೆ, ಕ್ಯಾಟ್ 7, ಕ್ಯಾಟ್ 8 ಮನೆಗೆ ಬೇಕಿಲ್ಲ.

ವೈರ್ ಎಳೆಯಲು ಸಾಧ್ಯವೇ ಇಲ್ಲದಿದ್ದರೆ ಮೆಶ್, ಅಂದರೆ ವೈರಿಲ್ಲದೆ ಒಂದಕ್ಕೊಂದು ಜೋಡಿಸಿಕೊಳ್ಳುವ ವೈಫೈ ಪೆಟ್ಟಿಗೆಗಳು. ಅದರಲ್ಲೂ ಪೆಟ್ಟಿಗೆಗಳು ತಮ್ಮ ನಡುವೆ ಮಾತಾಡಲು ಬೇರೆಯೇ ಬ್ಯಾಂಡ್ ಇರುವ ಟ್ರೈಬ್ಯಾಂಡ್ ಮೆಶ್ ಒಳ್ಳೆಯದು. ಎರಡೇ ಬ್ಯಾಂಡಿನ ಮೆಶ್ಶಿನಲ್ಲಿ ಒಂದೇ ರೇಡಿಯೋ ಎರಡೂ ಕಡೆ ಮಾತಾಡಬೇಕು, ಸ್ಪೀಡ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎರಡನೇ ಪೆಟ್ಟಿಗೆಯನ್ನು ಸಿಗ್ನಲ್ ಸತ್ತ ರೂಮಿನಲ್ಲಿ ಇಡಬೇಡಿ, ದಾರಿಯ ಮಧ್ಯದಲ್ಲಿ, ಉದಾಹರಣೆಗೆ ಮೆಟ್ಟಿಲ ತಿರುವಿನಲ್ಲಿ ಇಡಿ. ಪ್ಲಗ್ಗಿಗೆ ಸಿಕ್ಕಿಸುವ ಚಿಕ್ಕ ಎಕ್ಸ್‌ಟೆಂಡರ್ ನಾನು ಯಾರಿಗೂ ಹೇಳುವುದಿಲ್ಲ. ಕರೆಂಟ್ ವೈರಿನ ಮೂಲಕ ಕಳಿಸುವ ಪವರ್‌ಲೈನ್ ಅಡಾಪ್ಟರ್ ತ್ರೀ ಫೇಸ್ ಇರುವ ಮನೆಯಲ್ಲಿ ಎರಡು ರೂಮು ಬೇರೆ ಬೇರೆ ಫೇಸಿನಲ್ಲಿದ್ದರೆ ಕೈಕೊಡುತ್ತದೆ.

ರೂಟರನ್ನೇ ಬದಲಿಸಬೇಕಾದ ಸಂದರ್ಭಗಳೂ ಇವೆ. ಕಂಪನಿ ಕೊಟ್ಟ ಪೆಟ್ಟಿಗೆ 2.4 ಮಾತ್ರ ಇರುವ ಹಳೆಯದು. ಪೋರ್ಟು 100ರದ್ದು, ಪ್ಲಾನ್ ಅದಕ್ಕಿಂತ ದೊಡ್ಡದು. ಮುಟ್ಟಿದರೆ ಕಾದ ತವಾ, ದಿನಾ ರೀಸ್ಟಾರ್ಟ್ ಮಾಡಬೇಕು. ಇವುಗಳಲ್ಲಿ ಯಾವುದಾದರೂ ಇದ್ದರೆ ಮೊದಲು ಕಂಪನಿಯವರನ್ನೇ ಡ್ಯುಯಲ್ ಬ್ಯಾಂಡ್ (2.4, 5 ಎರಡೂ ಇರುವ) ಪೆಟ್ಟಿಗೆ ಕೇಳಿ, ಎಷ್ಟೋ ಸಲ ಕೇಳಿದರೆ ಕೊಡುತ್ತಾರೆ. ಸ್ವಂತ ಕೊಳ್ಳುವುದಾದರೆ ವೈಫೈ 6, ಎಲ್ಲ ಪೋರ್ಟೂ ಗಿಗಾಬಿಟ್, ಇಷ್ಟು ಸಾಕು. ವೈಫೈ 7 ರೂಟರ್‌ಗಳು ಬಂದಿವೆ, ಆದರೆ ನಿಮ್ಮ ಫೋನು ಲ್ಯಾಪ್‌ಟಾಪು ವೈಫೈ 5ರವಾದರೆ ಅವು 5ರಂತೆಯೇ ಮಾತಾಡುತ್ತವೆ. ಆಂಟೆನಾ ಎಣಿಸಬೇಡಿ. ಪ್ಯಾಕಿಂಗ್ ಮೇಲಿನ 5400, 7200 ಅನ್ನುವ ಅಂಕಿಗಳು ಎಲ್ಲ ಬ್ಯಾಂಡಿನ ಲೆಕ್ಕ ಕೂಡಿಸಿ ಬರೆದವು, ಒಂದು ಫೋನಿಗೆ ಅಷ್ಟು ಎಂದೂ ಸಿಗುವುದಿಲ್ಲ.

ಹೊಸ ರೂಟರನ್ನು ಕಂಪನಿಯ ಪೆಟ್ಟಿಗೆಯ ಹಿಂದೆ ಸಿಕ್ಕಿಸಿದರೆ ಹಳೆಯ ಪೆಟ್ಟಿಗೆಯ ವೈಫೈ ಆಫ್ ಮಾಡಿ. ಇಲ್ಲವಾದರೆ ಎರಡೂ ಒಂದೇ ಜಾಗದಲ್ಲಿ ಕೂಗಾಡುತ್ತವೆ. ಲ್ಯಾನ್ ಕೇಬಲ್ ಕನೆಕ್ಷನ್ ಇರುವ ಕಡೆ ಕೆಲವು ಆಪರೇಟರ್‌ಗಳು ರೂಟರಿನ ಮ್ಯಾಕ್ ನಂಬರ್ (ಅದರ ಗುರುತಿನ ಸಂಖ್ಯೆ) ಕಟ್ಟಿಹಾಕಿ, ಅದೊಂದಕ್ಕೇ ನೆಟ್ ಬಿಟ್ಟಿರುತ್ತಾರೆ. ಹೊಸದು ಹಾಕಿದಾಗ ನೆಟ್ ಬರದಿದ್ದರೆ ಅದು ಕೆಟ್ಟಿಲ್ಲ. ಫೋನ್ ಮಾಡಿ ಮ್ಯಾಕ್ ಬದಲಿಸಲು ಹೇಳಿ, ಪಿಪಿಪಿಓಇ (ಲೈನಿಗೆ ಲಾಗಿನ್ ಆಗುವ) ಹೆಸರು ಪಾಸ್‌ವರ್ಡ್ ಕೇಳಿ ಬರೆದಿಟ್ಟುಕೊಳ್ಳಿ.

ಕರೆಂಟ್ ಹೋದಾಗ ಕಾಲ್ ಬೀಳುವುದೇ ನಿಮ್ಮ ಕಷ್ಟವಾದರೆ ದೊಡ್ಡ ರೂಟರಿಗಿಂತ ಮಿನಿ ಯುಪಿಎಸ್ ಒಳ್ಳೆಯದು. ಪೆಟ್ಟಿಗೆಯ ಅಡಾಪ್ಟರ್ ಮೇಲೆ 12 ವೋಲ್ಟ್ ಎಂದಿದೆಯೇ, ಎಷ್ಟು ಆಂಪಿಯರ್ ಎಂದು ನೋಡಿ ಅದಕ್ಕೆ ತಕ್ಕದ್ದು ತನ್ನಿ. ಓಎನ್‌ಟಿ ಬೇರೆ ರೂಟರ್ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು.

ಬಾಡಿಗೆ ಮನೆಯಾದರೆ ಗೋಡೆ ಕೊರೆಯುವ ಮೊದಲು ಓನರ್ ಹತ್ತಿರ ಮಾತಾಡಿ. ಹಳೆಯ ಟಿವಿ ಕೇಬಲಿನ ಪೈಪ್, ಟೆಲಿಫೋನ್ ಪೈಪ್, ಡಕ್ಟ್ ಎಲ್ಲಿ ಬರುತ್ತದೆ ಎಂದು ಅವರಿಗೇ ಗೊತ್ತಿರುತ್ತದೆ. ಕೊರೆಯದೆ ಸ್ಕರ್ಟಿಂಗ್ ಪಕ್ಕ ಪಟ್ಟಿಯೊಳಗೆ ಕೇಬಲ್ ಎಳೆದರೂ ಆಗುತ್ತದೆ, ಮನೆ ಬಿಡುವಾಗ ಸುತ್ತಿಕೊಂಡು ಹೋಗಬಹುದು.